ಅನಿಸಿಕೆ ಹೀರುವ ಟೊಪ್ಪಿಗೆ

ಬೆಟಗೇರಿಯ ಕಲ್ಮೇಶಿ ಆ ರವಿವಾರ ಬೆಳಗ್ಗೆ ಅಕ್ಕನ ಮನೆಗೆ ಬಂದಾಗ ಅವನ ಕೈಯಲ್ಲಿ ಒಂದು ಉಣ್ಣೆಯ ಮಂಕಿ ಟೊಪ್ಪಿಗೆ ಇತ್ತು. ಚಳಿಗಾಲ ಇನ್ನೂ ಬಹಳ ದೂರವಿತ್ತು. ಅಕ್ಕ ನೀಲವ್ವನಿಗೆ ಆಗಲೇ ಎದೆ ಢವ್ ಅಂದಿತು. ಮಿಕ್ಸರು, ಫ್ಯಾನು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ಈ ತಮ್ಮ ಹೊಸದೇನನ್ನಾದರೂ ಕಂಡುಹಿಡಿದು ತಂದನೆಂದರೆ, ಆ ಮನೆಯಲ್ಲಿ ಏನಾದರೊಂದು ಸುಡುತ್ತಿತ್ತು, ಇಲ್ಲವೇ ಓಡಿಹೋಗುತ್ತಿತ್ತು. ಅವನು ಹೋದ ವರ್ಷ ಮಾಡಿಕೊಟ್ಟಿದ್ದ ತಾನೇ ಗುಡಿಸುವ ಕಸಬರಿಗೆ ಮನೆ ಗುಡಿಸಿ, ಓಣಿ ಗುಡಿಸಿ, ಹುಬ್ಬಳ್ಳಿ ರಸ್ತೆ ಹಿಡಿದು ಹೋದದ್ದು ಇನ್ನೂ ಬಂದಿಲ್ಲ.

ಆದರೆ ಈ ಸಲ ಅವನನ್ನು ಕರೆಸಿದ್ದು ನೀಲವ್ವನೇ. ಅವಳ ಗಂಡ ಫಕೀರಪ್ಪನವರು ಟೆಲಿಫೋನ್ ಕಚೇರಿಯಿಂದ ನಿವೃತ್ತರಾದ ಮೇಲೆ ಒಂದೇ ಕೆಲಸ ಹಿಡಿದಿದ್ದರು. 'ಜಗದ ಕಿಟಕಿ' ಎಂಬ ಜಾಲತಾಣವೊಂದಿತ್ತು. ಅದರಲ್ಲಿ ದಿನವೂ ಜಪಾನಿನ ಸುದ್ದಿ, ಪರದೇಶಗಳ ಸುದ್ದಿ ಬರುತ್ತಿತ್ತು. ಸುದ್ದಿಯ ಕೆಳಗೆ ಅಲ್ಲಿನ ಓದುಗರು ಏನೆಂದರು ಎಂಬುದನ್ನೂ ಕನ್ನಡಕ್ಕಿಳಿಸಿ ಹಾಕುತ್ತಿದ್ದರು. ಅದರ ಕೆಳಗೆ ನಮ್ಮ ಓದುಗರು ಕುಸ್ತಿಗಿಳಿಯುತ್ತಿದ್ದರು. ಹಂಪಿಯನ್ನೂ ಸರಿಯಾಗಿ ನೋಡದ ಫಕೀರಪ್ಪನವರು ಜಪಾನಿನ ಮೇಯರುಗಳಿಗೆ, ಚಿಲಿಯ ರೈತರಿಗೆ, ಫಿನ್ಲೆಂಡಿನ ಮಾಸ್ತರರಿಗೆ ಒಂದೇ ಬೆರಳಿನಲ್ಲಿ ಬುದ್ಧಿ ಹೇಳುತ್ತಿದ್ದರು. ಕಡೆಗೆ ಆ ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಡಾಕ್ಟರು ಮೊಬೈಲಿನಲ್ಲಿ ಟೈಪ್ ಮಾಡಬಾರದೆಂದರು. ಅಂದಿನಿಂದ ಬರೆಯಬೇಕಾದದ್ದನ್ನೆಲ್ಲ ಅವರು ನೀಲವ್ವನಿಗೆ ಹೇಳತೊಡಗಿದರು. ರೊಟ್ಟಿ ಬಡಿಯುವಾಗ ಹೇಳಿದರು, ಬಟ್ಟೆ ಒಗೆಯುವಾಗ ಹೇಳಿದರು, ಅವಳು ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗಲೂ ಹೇಳಿದರು. ಆಗಲೇ ಅವಳು ತಮ್ಮನಿಗೆ ಫೋನು ಮಾಡಿ, ಇದಕ್ಕೇನಾದರೂ ಉಪಾಯ ಮಾಡು ಎಂದದ್ದು.

ಟೊಪ್ಪಿಗೆಯನ್ನು ಕಲ್ಮೇಶಿ ತಿರುವಿ ತೋರಿಸಿದ. ಒಳಗೆಲ್ಲ ತಾಮ್ರದ ತಂತಿ ಶಾವಿಗೆಯಂತೆ ಸುತ್ತಿಕೊಂಡಿತ್ತು. ಮನಸ್ಸಿನಲ್ಲಿ ಏನಾದರೂ ಅನಿಸಿದ ಕ್ಷಣವೇ ಅದನ್ನು ಹಣೆಯಿಂದ ಹಿಡಿದು ಮೊಬೈಲಿಗೆ ಕಳಿಸುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದ.

"ಮಾಮಾ, ನೀವು ಇದನ್ನ ಹಾಕ್ಕೊಂಡು ಬರೇ ಓದ್ರಿ. ಅನಿಸಿದ್ದು ತಾನಾ ಹೋಗತೈತಿ" ಎಂದು ಅಕ್ಕನ ಗಂಡನ ತಲೆಗೆ ಅದನ್ನು ಏರಿಸಿದ.

ಆ ದಿನದ ಸುದ್ದಿ ಹೀಗಿತ್ತು: ಜಪಾನಿನ ಒಂದು ಊರಿನ ಕ್ಷೌರಿಕರೆಲ್ಲ ಸೇರಿ, ಗಿರಾಕಿ ತಾನಾಗಿ ಮಾತಾಡದ ಹೊರತು ತಾವು ತುಟಿ ಬಿಚ್ಚುವುದಿಲ್ಲ ಎಂದು ತೀರ್ಮಾನಿಸಿದ್ದರು. ಫಕೀರಪ್ಪನವರ ಹುಬ್ಬು ಮೇಲೇರಿತು, ಮೂಗು ಅರಳಿತು. ಬಾಯಿ ತೆರೆಯುವಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಸರಸರನೆ ಮೂಡಿದವು: 'ಮಾತಿಲ್ಲದ ಕ್ಷೌರ ಕ್ಷೌರವಲ್ಲ, ಕುರಿಯ ಉಣ್ಣೆ ಕತ್ತರಿಸಿದಂತೆ. ಶಿಸ್ತು ಹೆಚ್ಚಾದರೆ ಹೀಗೇ ಆಗುವುದು. — ಫಕೀರಪ್ಪ, ಗದಗ.'

ಅಕ್ಷರಶಃ ಅವರದೇ ಮಾತು. ನೀಲವ್ವನಿಗೆ ನಗು ಬಂತು. ಹಾಗಾದರೆ ಕಟಿಂಗ್ ಮಾಡುವವರು ಮಾತಾಡಲೇಬೇಕು ಅಂತೀರೇನು ಎಂದು ಗಂಡನನ್ನು ಕೆಣಕಿದಳು.

ಫಕೀರಪ್ಪನವರು ಅವಳನ್ನು ನೋಡಿದರು. ಒರೆಸಿಟ್ಟ ಪಾಟಿಯಂತಿತ್ತು ಮುಖ.

"ಯಾವ ಕಟಿಂಗ್?" ಎಂದರು.

ಮೊದಮೊದಲು ನೀಲವ್ವನಿಗೆ ಹಬ್ಬ. ಮನೆ ತಣ್ಣಗಾಯಿತು. ಫಕೀರಪ್ಪನವರು ಟೊಪ್ಪಿಗೆ ಹಾಕಿಕೊಂಡು ಓದುತ್ತಿದ್ದರು, ಬೆವರುತ್ತಿದ್ದರು, ಊಟಕ್ಕೆ ಕರೆದರೆ ಎದ್ದು ಬರುತ್ತಿದ್ದರು. ಜಗದ ಕಿಟಕಿಯಲ್ಲಿ ಅವರ ಹೆಸರು ಬೆಳೆಯಿತು. ಗದಗದ ಫಕೀರಪ್ಪ ಏನಂತಾನೆ ನೋಡೋಣ ಎಂದು ಜನ ಕಾಯತೊಡಗಿದರು. ಆದರೆ ಮನೆಯೊಳಗಿನ ಫಕೀರಪ್ಪನವರು ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಬಿಳಿ ಅಂಗಿ ಹಾಕಿಕೊಳ್ಳುವುದೋ ನೀಲಿಯದೋ ತಿಳಿಯದೆ ಕಪಾಟಿನ ಮುಂದೆ ಊಟದ ಹೊತ್ತಿನವರೆಗೂ ನಿಂತರು. ಕಾಯಿಪಲ್ಲೆ ತರಲು ಹೋದವರಿಗೆ ಸಂತೆಯವರೆಲ್ಲ ತಗೊಳ್ರಿ ಯಜಮಾನ್ರ ಅಂದರಂತೆ. ಎಲ್ಲರ ಹತ್ತಿರವೂ ತಗೊಂಡು ಬಂದರು. ಟಾಂಗಾದವನು ಬದನೆಕಾಯಿ, ಸೋರೆಕಾಯಿ, ಕುಂಬಳಕಾಯಿ ಇಳಿಸುತ್ತಲೇ ಇದ್ದರೂ ಅವರು ಮಾತ್ರ ಯಾರದೋ ಸಾಮಾನು ಎಂಬಂತೆ ನೋಡುತ್ತ ನಿಂತಿದ್ದರು.

ನೀಲವ್ವ ಒಂದು ಪರೀಕ್ಷೆ ಮಾಡಿದಳು. ಮಧ್ಯಾಹ್ನದ ಸಾರಿಗೆ ಉಪ್ಪೇ ಹಾಕಲಿಲ್ಲ. ಮದುವೆಯಾದಾಗಿನಿಂದ ಅವಳ ಅಡುಗೆಗೆ ಒಂದಲ್ಲ ಒಂದು ಕೊಂಕು ತೆಗೆಯದೆ ಅವರು ಕೈ ತೊಳೆದವರಲ್ಲ. ಅಂದು ಕಲಸಿ ಉಂಡರು, ಮತ್ತೆ ಹಾಕಿಸಿಕೊಂಡು ಉಂಡರು, ಎದ್ದು ಹೋಗಿ ಅಂಗಳದ ಹೊರಸಿನ ಮೇಲೆ ಕೂತರು. ದೀಪ ಹಚ್ಚಿಟ್ಟು ಎಲ್ಲರೂ ಊರಿಗೆ ಹೋದ ಮನೆಯಂತೆ ಕಣ್ಣು ತೆರೆದೇ ಇದ್ದವು.

ಪಾತ್ರೆ ಎತ್ತಿಟ್ಟು ಕೋಣೆಗೆ ಬಂದ ನೀಲವ್ವ ಹೊಸ್ತಿಲಲ್ಲೇ ನಿಂತಳು. ಟೊಪ್ಪಿಗೆ ಗೂಟಕ್ಕೆ ನೇತಾಡುತ್ತಿತ್ತು. ಮೊಬೈಲು ಮೇಜಿನ ಮೇಲಿತ್ತು. ಯಾರೂ ಮುಟ್ಟದಿದ್ದರೂ ಪರದೆ ಬೆಳಗಿತ್ತು, ಅಕ್ಷರಗಳು ಮೂಡುತ್ತಿದ್ದವು. ನಾರ್ವೆಯ ಮೀನುಗಾರರ ಸುದ್ದಿಯೊಂದರ ಕೆಳಗೆ ಹೀಗೆ ಬಂತು: 'ನಾರ್ವೆಯ ಉಪ್ಪುಮೀನಿನ ಮಾತು ಹಾಗಿರಲಿ. ಇಂದು ನಮ್ಮ ಮನೆಯ ಸಾರಿಗೆ ಉಪ್ಪೇ ಇರಲಿಲ್ಲ. ಬೇಕೆಂತಲೇ ಹಾಕಿಲ್ಲ ಎಂದು ನನಗೆ ಗುಮಾನಿ. — ಫಕೀರಪ್ಪ, ಗದಗ.'

ಕಿಟಕಿಯಿಂದ ಇಣುಕಿದರೆ ಫಕೀರಪ್ಪನವರು ಅಂಗಳದಲ್ಲಿ ಗೋಡೆ ನೋಡುತ್ತ ಕೂತೇ ಇದ್ದರು, ತುಟಿ ಕದಲುತ್ತಿರಲಿಲ್ಲ. ಅವಳು ಮೊಬೈಲನ್ನೆತ್ತಿಕೊಂಡು, ಹೌದು ಬೇಕಂತಲೇ ಹಾಕಿಲ್ಲ, ನೀವೆಲ್ಲಿದ್ದೀರಿ ಎಂದು ಒಂದೊಂದೇ ಅಕ್ಷರ ಹುಡುಕಿ ಬರೆದಳು.

ಉತ್ತರ ಬಂತು. ಈ ಸಲ ಅದು ಪತ್ರಿಕೆಯ ಭಾಷೆಯಲ್ಲಿರಲಿಲ್ಲ, ಮನೆಯ ಮಾತಿನಲ್ಲಿತ್ತು.

'ಗೊತ್ತಿಲ್ಲ ನೀಲಾ. ಇಲ್ಲಿ ಭಾಳ ಮಂದಿ ಅದಾರ. ಎಲ್ಲಾರೂ ಒಮ್ಮೆಲೆ ಮಾತಾಡ್ತಾರ.'

ಕಲ್ಮೇಶಿಗೆ ಫೋನು ಹೋಯಿತು. ಅವನು ಬಂದು ಅದನ್ನು ಓದಿದಾಗ ಅವನ ಕಣ್ಣು ಹೆದರಿಕೆಯಿಂದಲ್ಲ, ಸಂತೋಷದಿಂದ ಹೊಳೆಯಿತು. ಯಂತ್ರ ತಾನಂದುಕೊಂಡದ್ದಕ್ಕಿಂತ ಚೆನ್ನಾಗಿದೆ, ಅನಿಸಿಕೆಯ ನಕಲು ಕಳಿಸುತ್ತದೆ ಅಂದುಕೊಂಡಿದ್ದರೆ ಮೂಲವನ್ನೇ ಕಳಿಸಿದೆ, ಈಗ ಗೂಟದಲ್ಲಿದ್ದರೂ ಅಂಗಳದಲ್ಲಿರುವ ಮಾಮಾನಿಂದ ಎಳೆದುಕೊಳ್ಳುತ್ತಿದೆ ಎಂದು ವರ್ಣಿಸತೊಡಗಿದ. ನೀಲವ್ವ ಅವನ ಮಾತು ಮುಗಿಯಲು ಬಿಡಲಿಲ್ಲ.

"ನಮ್ಮನಿಯವ್ರು ಆ ಫೋನಿನಾಗ ಅದಾರ. ಅಂಗಳದಾಗ ಕುಂತಿದ್ದು ಬರೇ ಅಂಗಿ-ಧೋತರ. ನೀ ಏನ್ ಮಾಡ್ತೀಯೋ ನಂಗೊತ್ತಿಲ್ಲ, ಅವರನ್ನ ಹೊರಗ ತಗಿ."

ಅಕ್ಕನ ದನಿ ಕೇಳಿ ಕಲ್ಮೇಶಿಯ ಕಣ್ಣಿನ ಹೊಳಪು ಆರಿತು. ತಂತಿಗಳನ್ನು ಬಿಚ್ಚಿ ತಿರುಗುಮುರುಗಾಗಿ ಜೋಡಿಸಿದ. ಹೋದ ದಾರಿಯಲ್ಲೇ ಎಲ್ಲ ವಾಪಸು ಬರಬೇಕು ಎಂದ. ಫಕೀರಪ್ಪನವರನ್ನು ಕೈಹಿಡಿದು ತಂದು ಕೂರಿಸಿ ಟೊಪ್ಪಿಗೆ ಹಾಕಿದರು. ಅದು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಪರದೆಯ ಮೇಲೆ ಸುದ್ದಿಯ ಕೆಳಗಿನ ಪ್ರತಿಕ್ರಿಯೆಗಳು ಒಂದೊಂದಾಗಿ ಆರಿಹೋಗತೊಡಗಿದವು. ಫಕೀರಪ್ಪನವರದು ಮಾತ್ರವಲ್ಲ, ಎಲ್ಲರದೂ.

ಫಕೀರಪ್ಪನವರು ಬಾಯಿ ತೆರೆದರು.

"ಇದೆಲ್ಲಾ ಬರೀ ಬುರುಡೆ ಕಣ್ರೀ, ಮೂಲ ಎಲ್ಲಿದೆ ತೋರ್ಸಿ" ಎಂದಿತು ಮೈಸೂರಿನ ಯಾರದೋ ಎಳೆಯ ದನಿ. ಅದು ಮುಗಿಯುವ ಮೊದಲೇ ಅದೇ ಬಾಯಿಂದ ಒಬ್ಬ ಹೆಂಗಸು, ಮಾರಾಯ್ರೆ ನೀವು ಪೂರ್ತಿ ಓದಿ ಆಯ್ತಾ ಎಂದು ಮಂಗಳೂರಿನ ರಾಗದಲ್ಲಿ ಗದರಿದಳು. ಗಡಸು ಗಂಟಲಿನವನೊಬ್ಬ ಇದನ್ನೆಲ್ಲ ನಮ್ಮ ಪೂರ್ವಜರು ಎಂದೋ ಮಾಡಿ ಬಿಟ್ಟಿದ್ದಾರೆ ಎಂದ. ನಮ್ಮಲ್ಲಿ ಯಾವಾಗ ಹೀಗಾಗುವುದೋ ಎಂದು ಒಬ್ಬ ನಿಟ್ಟುಸಿರಿಟ್ಟ. ಹಾಗಾದರೆ ಅಲ್ಲಿಗೇ ಹೋಗು ಎಂದು ಇನ್ನೊಬ್ಬ ಬೈದ. ಪ್ರತಿ ದನಿಗೂ ಫಕೀರಪ್ಪನವರ ಮುಖ ಬೇರೆಯಾಗುತ್ತಿತ್ತು. ಹುಬ್ಬು ಒಬ್ಬರದು, ತುಟಿಯ ಸೊಟ್ಟ ಇನ್ನೊಬ್ಬರದು. ಎಲ್ಲರಿಗೂ ಒಂದೇ ಬಾಯಿ, ಯಾರಿಗೂ ತಾಳ್ಮೆಯಿಲ್ಲ. ನಡುವೆ ಉಸಿರೆಳೆದುಕೊಳ್ಳಲು ಅವರಿಗೆ ಪುರಸೊತ್ತೇ ಸಿಗದೆ ಮುಖ ನೀಲಿಗಟ್ಟತೊಡಗಿತು.

ಕಲ್ಮೇಶಿ ಗಾಬರಿಯಾಗಿ ಟೊಪ್ಪಿಗೆ ಕೀಳಲು ಹೋದ. ನೀಲವ್ವ ಅವನ ಕೈ ಹಿಡಿದಳು. ಈಗ ತೆಗೆದರೆ ಒಳಗೆ ಉಳಿಯುವವರು ಯಾರು? ಮಂಗಳೂರಿನ ಆ ಹೆಂಗಸಿನ ಜೊತೆ ಅವಳು ಬಾಳ್ವೆ ಮಾಡಬೇಕೇನು? ಗಂಡನ ದನಿ ಆ ಸಂತೆಯಲ್ಲಿ ಎಲ್ಲೂ ಕೇಳಿರಲಿಲ್ಲ.

ಅವಳು ಅವರೆದುರು ನೆಲದ ಮೇಲೆ ಕೂತು ಗಟ್ಟಿಯಾಗಿ ಹೇಳಿದಳು: "ನಮ್ಮ ಮದಿವ್ಯಾಗ ಮುಹೂರ್ತ ತಪ್ಪಿದ್ದು ನಿಮ್ಮ ಕಡಿಯವರಿಂದ."

ದನಿಗಳು ಅದಕ್ಕೂ ಮುಗಿಬಿದ್ದವು. ತಪ್ಪು ಎರಡೂ ಕಡೆ ಇರುತ್ತೆ ಎಂದ ಮೈಸೂರಿನವನು. ಮುಹೂರ್ತ ಅನ್ನುವುದೇ ಮೂಢನಂಬಿಕೆ ಎಂದ ಒಬ್ಬ. ಜಪಾನಿನಲ್ಲಾಗಿದ್ದರೆ ಬೀಗರು ತಡಮಾಡುತ್ತಲೇ ಇರಲಿಲ್ಲ ಎಂದ ಮತ್ತೊಬ್ಬ. ನೀಲವ್ವ ಬಿಡಲಿಲ್ಲ. ನಿಮ್ಮ ಕಡೆಯವರು ಬೇಕಂತಲೇ ದಾರಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದರು, ನಮ್ಮಪ್ಪ ಹಂದರದ ಬಾಗಿಲಲ್ಲಿ ನಿಂತು ಅತ್ತ ಎಂದಳು. ಹೇಳುವಾಗ ಅವಳಿಗೆ ನಿಜವಾಗಿಯೇ ಅಳು ಬಂತು.

ಆಗ ಎಲ್ಲ ದನಿಗಳ ಅಡಿಯಿಂದ, ಬಾವಿಯ ತಳದಿಂದ ಬಂದಂತೆ ಒಂದು ದನಿ ಮೇಲೆದ್ದಿತು.

"ಬಸ್ ಪಂಚರ್ ಆಗಿತ್ತು. ನಿನಗ ಎಷ್ಟ್ ಸಲ ಹೇಳ್ಬೇಕ."

ನೀಲವ್ವ ಟೊಪ್ಪಿಗೆಯನ್ನು ಕಿತ್ತು ಎಸೆದಳು.

ಫಕೀರಪ್ಪನವರು ಒಂದು ತಂಬಿಗೆ ನೀರು ಕುಡಿದು, ಕಣ್ಣು ಪಿಳಿಪಿಳಿ ಮಾಡಿ, ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ ಎಂದು ಸೇರಿಸಿದರು. ಸಂಜೆಯವರೆಗೆ ಗಂಡ ಹೆಂಡತಿ ಅದರ ಮೇಲೆ ಹೊಟ್ಟೆ ತುಂಬ ಜಗಳವಾಡಿದರು. ಕಲ್ಮೇಶಿ ತಂತಿಗಳನ್ನೆಲ್ಲ ತುಂಡು ತುಂಡು ಮಾಡಿ ಒಯ್ದ.

ಆದರೆ ಜಗದ ಕಿಟಕಿಯಲ್ಲಿ ಸದ್ದೇ ಇರಲಿಲ್ಲ. ಜಪಾನಿನ ಸುದ್ದಿ ಬರುತ್ತಿತ್ತು, ಕೆಳಗೆ ಬರೀ ಬಿಳಿ. ಕಡೆಗೊಬ್ಬರು ಬರೆದರು: 'ಓದಿದೆ. ಏನೂ ಅನಿಸಲಿಲ್ಲ. ಬೇರೆ ಯಾರಿಗಾದರೂ ಹೀಗಾಗಿದೆಯೇ?' ಹೌದು ಎಂದು ಬರೆಯುವಷ್ಟೂ ಯಾರಿಗೂ ಅನಿಸಿದಂತಿರಲಿಲ್ಲ.

ಆ ಸಾಲು ಬಂದ ದಿನವೇ ಎಣ್ಣೆಗಾಯಿ ಉಣ್ಣುತ್ತಿದ್ದ ಫಕೀರಪ್ಪನವರು, ಬಂಗುಡೆ ಸಾರಿಗಾದರೆ ಹುಳಿ ಇನ್ನೂ ಸ್ವಲ್ಪ ಮುಂದಿರಬೇಕು ಮಾರಾಯ್ರೆ ಎಂದರು. ಹೇಳಿ ತಾವೇ ಬೆಚ್ಚಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆ ಮನುಷ್ಯ ಬಂಗುಡೆ ಮೀನನ್ನು ಚಿತ್ರದಲ್ಲೂ ನೋಡಿದವರಲ್ಲ. ನೀಲವ್ವ ಅನ್ನದ ಸಟ್ಟುಗ ಹಿಡಿದುಕೊಂಡೇ ನಿಂತಳು. ಎಲ್ಲೋ ಸಮುದ್ರದ ದಂಡೆಯ ಊರಿನಲ್ಲಿ ಒಬ್ಬ ಹೆಂಗಸು ಒಲೆಯ ಮುಂದೆ, ಹುಳಿ ಎಷ್ಟು ಹಾಕಬೇಕೆಂದು ತಿಳಿಯದೆ ಸುಮ್ಮನೆ ನಿಂತಿರುವುದು ಅವಳ ಕಣ್ಣಿಗೆ ಕಟ್ಟಿತು. ಹಾಗೆ ನಿಂತವರು ಹೇಗಿರುತ್ತಾರೆಂದು ಅವಳು ನೋಡಿದ್ದಳು.

ಅಂದಿನಿಂದ ಗಂಡನ ಬಾಯಿಂದ ಅವರದಲ್ಲದ ಮಾತು ಬಂದಾಗಲೆಲ್ಲ ನೀಲವ್ವ ಅದನ್ನು ಜಗದ ಕಿಟಕಿಯಲ್ಲಿ ಹಾಕಿ, ಇದು ಯಾರದೋ ನಮ್ಮ ಮನೆಗೆ ಬಂದಿದೆ, ನಿಮ್ಮದಾದರೆ ತಗೊಳ್ಳಿ ಎಂದು ಬರೆಯತೊಡಗಿದಳು. ಜನ ಬಂದರು. ಹೌದು ನನ್ನದೇ, ಎಲ್ಲಿ ಹೋಗಿತ್ತೋ ಎಂದು ಒಬ್ಬೊಬ್ಬರಾಗಿ ಒಯ್ದರು. ಬಂಗುಡೆಯ ಹೆಂಗಸು ಮೊದಲು ಬಂದಳು. ಪೂರ್ವಜರವನು ಬರಲು ತಡಮಾಡಿದ, ಬಂದು ಥ್ಯಾಂಕ್ಸ್ ಕೂಡ ಹೇಳದೆ ತಗೊಂಡು ಹೋದ. ಮಾತು ಒಂದೊಂದಾಗಿ ಹೋದಂತೆ ಫಕೀರಪ್ಪನವರ ಎದೆ ಹಗುರಾಯಿತು. ಕಿಟಕಿಯಲ್ಲಿ ಮತ್ತೆ ಗದ್ದಲ ಶುರುವಾಯಿತು.

ಒಂದು ಮಾತ್ರ ಉಳಿದಿದೆ. ಬೆಳಗ್ಗೆ ಚಹಾದ ಬಟ್ಟಲು ಮುಂದಿಟ್ಟ ಕೂಡಲೇ ಫಕೀರಪ್ಪನವರ ಬೆನ್ನು ನೆಟ್ಟಗಾಗುತ್ತದೆ, ತಲೆ ತುಸು ಬಾಗುತ್ತದೆ, ಮುದುಕಿಯೊಬ್ಬಳ ಮೆಲ್ಲನೆಯ ದನಿಯಲ್ಲಿ ಜಪಾನೀ ಭಾಷೆಯ ಏನೋ ನಾಲ್ಕು ಮಾತು ಬರುತ್ತದೆ. ಅರ್ಥ ಅವರಿಗೂ ಗೊತ್ತಿಲ್ಲ. ಆದರೆ ಅದನ್ನಾಡಿದ ಮೇಲೆ ಅವರು ಬಟ್ಟಲನ್ನು ಹಿಂದಕ್ಕೆ ತಳ್ಳಿ, ಸಕ್ಕರೆ ಹಾಕದ ಚಹಾ ಕೊಡು ಅನ್ನುತ್ತಾರೆ. ಡಾಕ್ಟರು ಬೇಡಿಕೊಂಡರೂ ಸಕ್ಕರೆ ಬಿಡದ ಮನುಷ್ಯ. ಹೀಗಾಗಿ ಆ ಒಂದು ಅನಿಸಿಕೆಯನ್ನು ಮಾತ್ರ ನೀಲವ್ವ ಎಲ್ಲಿಯೂ ಬರೆಯಲು ಹೋಗಿಲ್ಲ.