ಒರಿಜಿನಲ್ ಸಿಡಿಯ ಉಪದ್ರಗಳು

ಕದ್ದವನಿಗೆ ಒಂದೇ ಹೆದರಿಕೆ, ದುಡ್ಡು ಕೊಟ್ಟು ತಂದವನಿಗೆ ದಿನಕ್ಕೊಂದು ಉಪದ್ರ. ಮೊಬೈಲಿನಲ್ಲಿ ಆಟ ಇಲ್ಲದ ಕಾಲದಲ್ಲಿ ನನ್ನ ಸೊಸೆ ಗುರುವಾಯನಕೆರೆಯಲ್ಲಿ ಕಂಪ್ಯೂಟರ್ ಆಟದ ಅಂಗಡಿ ಇಟ್ಟಳು. ಇದ್ದದ್ದು ಒಂದೇ ಕಂಪ್ಯೂಟರ್, ಅದರಲ್ಲಿ ಒಂದು ಕಾರಿನ ರೇಸ್. ಗಲ್ಲಾದಲ್ಲಿ ನಾನು. ಎದುರಿನ ಅಂಗಡಿಯವನಲ್ಲಿಯೂ ಅದೇ ಆಟ, ಆದರೆ ಡೂಪ್ಲಿಕೇಟ್. ಸೊಸೆಯದ್ದು ಒಂದೇ ಹಟ: "ಡೂಪ್ಲಿಕೇಟ್ ಇಟ್ಟು ನಡೆಸುವುದಕ್ಕಿಂತ ಬಾಗಿಲು ಹಾಕುವುದೇ ಒಳ್ಳೆಯದು ಅತ್ತೆ." ಬಾಗಿಲು ಹಾಕುವ ಹಾಗೆ ಆದದ್ದು ಎಷ್ಟು ಸಲ ಎಂದು ಕೇಳಿದರೆ, ಹೇಳುತ್ತೇನೆ ಕೇಳಿ.

ಬೀಗದ ಕೈ

ಸಿಡಿ ತಂದದ್ದು ನನ್ನ ಮಗ, ದುಬೈಯಿಂದ. ವಿಮಾನದಲ್ಲಿ ಭಾರ ಹೆಚ್ಚಾಗುತ್ತದೆ ಎಂದು ಎಲ್ಲ ಸಾಮಾನಿನ ಡಬ್ಬಿ ಅಲ್ಲಿಯೇ ಬಿಟ್ಟು ಬರುವುದು ಅವನ ಕ್ರಮ. ಸಿಡಿಯ ಡಬ್ಬಿಯನ್ನೂ ಬಿಟ್ಟು ಬಂದಿದ್ದ.

ಸೊಸೆ ಕಂಪ್ಯೂಟರಿಗೆ ಹಾಕಿದವಳೇ ತಲೆಗೆ ಕೈ ಇಟ್ಟಳು. "ಇದಕ್ಕೆ ಕೀ ಬೇಕಂತೆ ಅತ್ತೆ. ಕೀ ಇಲ್ಲದೆ ತೆರೆಯುವುದಿಲ್ಲ."

ಅದಕ್ಕೆಂಥ ಮಂಡೆ ಬಿಸಿ? ಅವಳು ಊಟಕ್ಕೆ ಹೋದಾಗ ನಾನು ಸಿಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಕೊಡೆ ಬಿಡಿಸಿ ಕೂರುವ ಬೀಗ ರಿಪೇರಿಯವನಲ್ಲಿಗೆ ಹೋದೆ. "ಇದಕ್ಕೊಂದು ಬೀಗದ ಕೈ ಮಾಡಿಕೊಡು ಮಾರಾಯ."

ಅವನು ಅದನ್ನು ಬಿಸಿಲಿಗೆ ಹಿಡಿದು ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಆಮೇಲೆ ನಡುವಿನ ತೂತಿಗೆ ಬೆರಳು ಹಾಕಿ ನೋಡಿ ಹೇಳಿದ: "ಮಾಡಬಹುದು ಅಜ್ಜಿ. ಆದರೆ ಇಷ್ಟು ದೊಡ್ಡ ತೂತಿನ ಬೀಗಕ್ಕೆ ಕೈ ಬೇಡ, ಕಾಲೇ ಬೇಕು."

ಕೀ ಎಂದರೆ ಡಬ್ಬಿಯ ಮೇಲೆ ಅಚ್ಚು ಹಾಕಿದ ಅಕ್ಷರವಂತೆ. ಮಗನ ರೂಮಿನವರು ಆ ಡಬ್ಬಿಯಲ್ಲಿ ಸಾಬೂನು ಇಟ್ಟಿದ್ದರು. ಸಾಬೂನು ಹೊರಗೆ ತೆಗೆದು, ಡಬ್ಬಿ ಒರೆಸಿ, ಫೋನಿನಲ್ಲಿ ಓದಿ ಹೇಳಿದರು. ಆಟ ತೆರೆಯಿತು.

ಪ್ರತಿ ಸಲ ತೋರಿಸಬೇಕು

ತೆರೆದರೆ ಮುಗಿಯಿತಾ? ಇಲ್ಲ. ಆಟ ಕಂಪ್ಯೂಟರಿನ ಹೊಟ್ಟೆಯೊಳಗೇ ಉಂಟು. ಆದರೂ ಪ್ರತಿ ಸಲ ಸಿಡಿ ತೋರಿಸದೆ ಶುರುವಾಗುವುದಿಲ್ಲ. ಮದುವೆ ಮನೆಯಲ್ಲಿ ಪ್ರತಿ ಸೌಟು ಸಾರಿಗೂ ಆಮಂತ್ರಣದ ಕಾಗದ ಕೇಳಿದ ಹಾಗೆ. ತೆಗೆದು, ಒರೆಸಿ, ಹಾಕಿ ನಮ್ಮ ಕೈ ಸೋತಿತು. ಸಿಡಿಯ ಮೈಯೆಲ್ಲ ಗೀರು.

ಎದುರಿನವನಿಗೆ ಆ ಕಷ್ಟ ಇಲ್ಲ. ಒಂದು ಒತ್ತು ಒತ್ತಿದರೆ ಅವನ ಗಾಡಿ ಹೊರಟಿತು. ಅಲ್ಲಿಂದಲೇ ಬೊಬ್ಬೆ ಹಾಕುತ್ತಿದ್ದ: "ಅಜ್ಜೀ, ನಿಮ್ಮದರ ಪಾಸ್‌ಪೋರ್ಟ್ ನೋಡಿ ಆಯಿತಾ?"

ನಾನು ಬಿಟ್ಟೇನೆಯೇ? "ನಮ್ಮದಕ್ಕೆ ಪಾಸ್‌ಪೋರ್ಟಾದರೂ ಉಂಟು ಮಗಾ. ನಿನ್ನದು ಕಳ್ಳ ದೋಣಿಯಲ್ಲಿ ಬಂದದ್ದಲ್ಲವಾ!"

ಒಂದು ನಾಲ್ಕಾದದ್ದು

ಕಂಪ್ಯೂಟರಿಗೆ ಆಗಾಗ ವೈರಸ್ ಜ್ವರ. ರಿಪೇರಿಯವ ಬಂದು ಪ್ರತಿ ಸಲ ಪೂರಾ ತೊಳೆದು, ಆಟವನ್ನು ಹೊಸದಾಗಿ ಹಾಕಿ ಹೋಗುತ್ತಿದ್ದ. ಒಂದು ದಿನ ಆಟವೇ ಮುಷ್ಕರ ಹೂಡಿತು. ನೀವು ಇದನ್ನು ತುಂಬ ಕಂಪ್ಯೂಟರುಗಳಿಗೆ ಹಾಕಿದ್ದೀರಿ, ಇನ್ನು ಕೊಡುವುದಿಲ್ಲ ಎಂದು ಬರೆದು ಬಂತಂತೆ. ತೊಳೆದು ಹಾಕಿದ ಪ್ರತಿ ಸಲವೂ ಅದರ ಲೆಕ್ಕಕ್ಕೆ ಒಂದು ಹೊಸ ಕಂಪ್ಯೂಟರ್. ಸೊಸೆ ಕಂಪೆನಿಗೆ ಫೋನ್ ಹಚ್ಚಿದಳು. ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ರಿಸೀವರ್ ನಾನು ತೆಗೆದುಕೊಂಡೆ.

ಆಚೆಯಿಂದ ಬೆಂಗಳೂರಿನ ಹುಡುಗಿ. "ನಿಮ್ಮ ಹತ್ರ ಎಷ್ಟು ಕಂಪ್ಯೂಟರ್ ಇದೆ ಅಮ್ಮಾ?"

"ಒಂದೇ ಉಂಟು."

"ಇಲ್ಲಿ ನಾಲ್ಕು ಅಂತ ತೋರಿಸ್ತಿದೆಯಲ್ಲಾ."

"ಹೌದಾ ಮಗಳೇ? ಹಾಗಾದರೆ ಉಳಿದ ಮೂರನ್ನು ರಾತ್ರಿ ಬಸ್ಸಿಗೆ ಹಾಕಿ ಕಳಿಸು. ಅಂಗಡಿಯಲ್ಲಿ ಜಾಗ ಉಂಟು."

ಆ ಹುಡುಗಿ ನಕ್ಕು ನಕ್ಕು, ನಿಂತಲ್ಲಿಂದಲೇ ಬೀಗ ತೆಗೆದುಕೊಟ್ಟಳು.

ಉಲ್ಟಾ ರೇಸ್

ಆದರೂ ಮಕ್ಕಳು ಒಬ್ಬೊಬ್ಬರಾಗಿ ಎದುರಿನ ಅಂಗಡಿಗೆ ಜಾರತೊಡಗಿದರು. ಕೊನೆಯ ಪ್ರಯತ್ನ ಎಂದು ಸೊಸೆ ರಜೆಯಲ್ಲಿ ರೇಸಿನ ಸ್ಪರ್ಧೆ ಇಟ್ಟಳು. ನಾರಾವಿ, ಕೊಕ್ಕಡ, ಮೂಡಬಿದಿರೆಯಿಂದ ಬಸ್ಸು ಹತ್ತಿ ಮಕ್ಕಳು ಬಂದರು.

ಮೊದಲನೆಯ ಹುಡುಗ ಕೂತ. ಎಡಕ್ಕೆ ಒತ್ತಿದ, ಗಾಡಿ ಬಲಕ್ಕೆ ಹೋಗಿ ಗೋಡೆಗೆ ಗುದ್ದಿತು. ಬಲಕ್ಕೆ ಒತ್ತಿದ, ಎಡಕ್ಕೆ ಹೋಗಿ ಹೊಳೆಗೆ ಬಿತ್ತು.

ಸೊಸೆಯ ಮುಖ ಬಿಳಿಚಿತು. ನನ್ನ ಕಿವಿಯಲ್ಲಿ ಹೇಳಿದಳು: "ಗೀರು ಬಿದ್ದ ಸಿಡಿ ನೋಡಿ ಆಟಕ್ಕೆ ಸಂಶಯ ಬಂದಿದೆ ಅತ್ತೆ. ಕದ್ದ ಆಟ ಅಂತ ಅನಿಸಿದರೆ ಗಾಡಿ ಉಲ್ಟಾ ಓಡುವ ಹಾಗೆ ಕಂಪೆನಿಯವರೇ ಮಾಡಿ ಇಟ್ಟಿದ್ದಾರಂತೆ. ಕದ್ದವನದ್ದು ಅಲ್ಲಿ ನೆಟ್ಟಗೆ ಓಡುತ್ತಾ ಉಂಟು, ಶಿಕ್ಷೆ ನಮಗೆ! ಬೊಡಿತು ನನಗೆ, ಸಾಕೋ ಸಾಕು. ನಾಳೆಯೇ ಬಾಗಿಲು ಹಾಕುವ."

ಅಷ್ಟರಲ್ಲಿ ನಾನು ನೋಡಿದ್ದು ಬೇರೆ. ಹೊಳೆಗೆ ಬಿದ್ದ ಗಾಡಿ ನೋಡಿ ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಸ್ಟೂಲಿನಿಂದ ಎದ್ದು ಜಗಲಿಗೆ ಬಂದು ಕೂಗಿದೆ: "ನೆಟ್ಟಗೆ ಓಡಿಸಲು ಎಲ್ಲರಿಗೂ ಬರುತ್ತದೆ! ಇವತ್ತು ಇಲ್ಲಿ ಉಲ್ಟಾ ರೇಸ್! ಧೈರ್ಯ ಇದ್ದವರು ಬನ್ನಿ!"

ಅಯ್ಯೋ, ಆ ಗೌಜಿ! ಎದುರಿನ ಅಂಗಡಿಯಿಂದ ಮಕ್ಕಳು ಕುರ್ಚಿ ಬಿಟ್ಟು ಓಡಿ ಬಂದರು. ಇಪ್ಪತ್ತು ವರ್ಷ ಘಾಟಿಯಲ್ಲಿ ಗಾಡಿ ಬಿಟ್ಟ ಬಸ್ ಡ್ರೈವರ್ ಒಬ್ಬ ಸೊಕ್ಕಿನಿಂದ ಬಂದು ಕೂತು, ಸೀದಾ ಹೊಳೆಗೆ ಇಳಿದ. ಆ ರಜೆ ಮುಗಿಯುವವರೆಗೆ ನಮ್ಮ ಅಂಗಡಿಯಲ್ಲಿ ನಿಲ್ಲಲು ಜಾಗ ಇಲ್ಲ. ಬಾಗಿಲು ಹಾಕುವ ಮಾತು ಸೊಸೆ ಮತ್ತೆ ಎತ್ತಲಿಲ್ಲ.

ಒಂದು ಸಂಜೆ ಎದುರಿನವ ಮೆಲ್ಲಗೆ ಬಂದ. "ಅಜ್ಜಿ, ನಿಮ್ಮ ದಮ್ಮಯ್ಯ, ಈ ಉಲ್ಟಾ ಆಟ ಎಲ್ಲಿ ಸಿಗುತ್ತದೆ? ನನ್ನದರಲ್ಲಿ ಎಷ್ಟು ಕುಟ್ಟಿದರೂ ಬರುವುದಿಲ್ಲ."

"ಅದು ಒರಿಜಿನಲ್‌ನಲ್ಲಿ ಮಾತ್ರ ಮಾರಾಯ," ಎಂದೆ. ಸುಳ್ಳೇನೂ ಹೇಳಲಿಲ್ಲ.

ಮರುದಿನವೇ ಅವನು ಮಂಗಳೂರಿಗೆ ಹೋಗಿ ಡಬ್ಬಿ ಸಮೇತ ಒರಿಜಿನಲ್ ತಂದ. ಊದುಬತ್ತಿ ಹಚ್ಚಿ, ಮಕ್ಕಳನ್ನೆಲ್ಲ ಕರೆದು ಶುರು ಮಾಡಿದ. ಸ್ವಲ್ಪ ಹೊತ್ತಿನಲ್ಲಿ ರಸ್ತೆ ದಾಟಿ ನಮ್ಮಲ್ಲಿಗೆ ಓಡಿ ಬಂದು, ಅಳುವುದೊಂದೇ ಬಾಕಿ:

"ಎಂಥ ಸಾವು ಅಜ್ಜಿ! ಅಷ್ಟು ದುಡ್ಡು ಸುರಿದು ತಂದೆ, ದರಿದ್ರದ್ದು ಸರಿಯಾಗಿಯೇ ಓಡ್ತಾ ಉಂಟು!"