ಬೇಗ ಎದ್ದವನ ಮೊಣಕಾಲು

ನನ್ನ ಮೊಣಕಾಲು ಬೇಗ ವಾಸಿಯಾಯಿತು. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊಣಕಾಲು ಬದಲಿಸಲು ಎರಡು ದಾರಿ ಎಂದು ಬೀದರದ ಡಾಕ್ಟರು ಹೇಳಿದ್ದರು. ತೊಡೆಯ ಸ್ನಾಯು ಕೊಯ್ದು ಒಳಗೆ ಹೋಗುವುದು ಹಳೆಯದು. ಕೊಯ್ಯದೆ ಸರಿಸಿ, ಅಡಿಯಿಂದ ನುಸುಳುವುದು ಇನ್ನೊಂದು. ಇದರಲ್ಲಿ ಮೊದಮೊದಲು ನೋವು ಕಡಿಮೆ, ಓಡಾಟ ಬೇಗ. "ಮೂರು ತಿಂಗಳಾದ ಮ್ಯಾಲ ಎರಡೂ ಅಷ್ಟೇರಿ ಮಾಸ್ತರ್ರ" ಎಂದೂ ಹೇಳಿದ್ದರು. (ಪ್ರಶ್ನೆಪತ್ರಿಕೆ ಕೊನೆಯ ಸಾಲಿನವರೆಗೂ ಓದಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೈದವನು ನಾನು, ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.) ನಾನು ನುಸುಳುವ ದಾರಿ ಹಿಡಿದೆ. ಎದುರು ಮನೆಯ ಕರೀಮ ಸಾಬರು ಅದೇ ವಾರ ಹಳೆಯ ದಾರಿ ಹಿಡಿದರು.

ಹತ್ತನೆಯ ದಿನ ಕೋಲೂರಿಕೊಂಡು ಅಂಗಳದಲ್ಲಿ ಸುತ್ತು ಹಾಕಿದೆ. ಆರು ವಾರ ಪಕ್ಕದಲ್ಲೇ ಕೂರುತ್ತೇನೆಂದಿದ್ದ ಹೆಂಡತಿ ಜಾನಕಿಬಾಯಿ ಅದನ್ನು ಕಂಡಿದ್ದೇ ಔರಾದದ ತವರಿಗೆ ಚೀಲ ತುಂಬಿದಳು.

"ನೋವದ ಇನ್ನಾ," ಎಂದೆ.

"ಬ್ಯಾನಿ ಇದ್ದವರು ಹಿಂಗ ನಡೀತಾರೇನ್ರಿ?"

ನಮ್ಮ ಓಣಿಯಲ್ಲಿ ಮಲಗಿದವರನ್ನು ನೋಡಲು ಹೋಗುವುದು ಧರ್ಮ. ಎದ್ದು ನಿಂತವನನ್ನು ನೋಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಪಕ್ಕದ ಮನೆಯ ನಾಗಸೇನ ಬಿಸ್ಕೀಟು ಹಿಡಿದು ಬಂದ. ನಾನೇ ಹೋಗಿ ಬಾಗಿಲು ತೆಗೆದೆ. "ಛಲೋ ಆಗೀರಿ ಬಿಡ್ರಿ," ಎಂದವನೇ ಬಿಸ್ಕೀಟಿನ ಸಮೇತ ಎದುರು ಮನೆಗೆ ನಡೆದ. ಅಲ್ಲಿ ಇನ್ನೂ ಮಲಗಿದ್ದ ಸಾಬರ ಸುತ್ತ ದಿನವಿಡೀ ನಗು, ಮಾತು. ನಾನಿಲ್ಲಿ ಟಿವಿಯಲ್ಲಿ ಸುದ್ದಿ ಓದುವವಳಿಗೆ ಎದುರುತ್ತರ ಕೊಡುತ್ತಿದ್ದೆ. ಎರಡು ವಾರ ಹೀಗೇ ಕಳೆಯಿತು. ನಿಜ ಹೇಳುತ್ತೇನೆ, ಹೆಂಡತಿಯ ಬೈಗುಳವಿಲ್ಲದೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಫೋನಿನಲ್ಲಿ ನರಳಿದೆ. ಅವಳು ಕರಗಿದಳು. "ಸಂಜಿ ಬಸ್ಸಿಗೇ ಬರ್ತೇನಿ. ನೀವು ಏಳಬ್ಯಾಡ್ರಿ."

ಹಿಗ್ಗಿನಿಂದ, ಕೋಲನ್ನೂ ಮರೆತು, ಕರೀಮ ಸಾಬರಿಗೆ ಸುದ್ದಿ ಹೇಳಲು ಓಡಿದೆ. ಅಲ್ಲಿ ಹನ್ನೊಂದು ಜನ ಕೂತಿದ್ದರು. ಸಾಬರ ಹೆಂಡತಿ ಮುನವ್ವರ ಬೇಗಂ, "ಮಾಸ್ತರ್ರ, ನಿಮ್ಮ ಕಾಲು ನೆಟ್ಟಗದ. ಜರಾ ಈ ಚಹಾ ಕೊಡ್ರಿ," ಎಂದು ತಟ್ಟೆ ಕೈಗಿತ್ತರು. ಕೊಟ್ಟೆ. ಖಾಲಿ ಕಪ್ಪುಗಳನ್ನೂ ಆರಿಸಿದೆ.

ಅಷ್ಟರಲ್ಲಿ ಬೇಗಂರ ಫೋನು ಬಡಿಯಿತು. ನಾನು ಒಬ್ಬನೇ ನರಳುತ್ತಿದ್ದೇನೆಂದು, ತಾನು ಬಂದು ಮುಟ್ಟುವವರೆಗೆ ನನ್ನ ಮೇಲೆ ಕಣ್ಣಿಡಿ ಎಂದು ಹೇಳಲು ಜಾನಕಿಯೇ ಫೋನು ಮಾಡಿದ್ದಳು.

"ಫಿಕರ್ ಮಾಡಬ್ಯಾಡ್ರಿ ಬಾಯಿ," ಎಂದರು ಆ ಪುಣ್ಯಾತ್ಗಿತ್ತಿ. "ಮಾಸ್ತರ್ರು ಇಲ್ಲೇ ಅದಾರ. ಹನ್ನೊಂದು ಮಂದಿಗೆ ಚಹಾ ಕೊಟ್ಟಾರ."

ಫೋನು ನನ್ನ ಕೈಗೆ ಬಂತು. ಬೈಯುತ್ತಾಳೆಂದು ಆಸೆಯಿಂದ ಕಿವಿಗಿಟ್ಟೆ. ಅವಳು ಬೈಯಲಿಲ್ಲ.

"ಛಲೋ ಆತ್ರಿ, ನನ್ನ ಜೀವ ಹಗುರಾತು. ಇನ್ನೊಂದು ತಿಂಗಳು ಇಲ್ಲೇ ಇರ್ತೇನಿ. ಅಲ್ಲೀತನಕ ಬೇಗಂ ಅವರ ಕೆಲಸಕ್ಕ ಕೈ ಹಚ್ಚರಿ."