ಬಿಸಿಲಿಗಿಟ್ಟ ಬಣ್ಣದ ನೀರು

ವಿಜ್ಞಾನಕ್ಕೂ ಹುಣಸೂರಿಗೂ ಯಾವ ಹಗೆಯೂ ಇರಲಿಲ್ಲ. ಆದರೂ ಅವೆರಡೂ ಎದುರಾದಾಗಲೆಲ್ಲ ಏನಾದರೊಂದು ಎಡವಟ್ಟಾಗುತ್ತಿತ್ತು. ತಪ್ಪು ಯಾರದೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಮೈಸೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಸಹಾಯಕ. ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಎಲ್ಲೋ ಓದಿಕೊಂಡು ಬಂದಿದ್ದರು: ಟೈಟಾನಿಯಂ ಡೈಆಕ್ಸೈಡು ಎಂಬ ಬಿಳಿ ಪುಡಿಯನ್ನು ಕೊಳಕು ನೀರಿಗೆ ಕಲಸಿ ಬಿಸಿಲಿಗಿಟ್ಟರೆ, ಬಣ್ಣಗಿಣ್ಣವೆಲ್ಲ ಒಡೆದುಹೋಗಿ ನೀರು ತಿಳಿಯಾಗುತ್ತದಂತೆ. ಹುಣಸೂರಿನಲ್ಲಿ ಮಾಸಿದ ಸೀರೆಗೆ ಬಣ್ಣ ಹಾಕಿಕೊಡುವ ಶೆಡ್ಡೊಂದಿತ್ತು. ಅದರ ಕೆಂಪು ನೀರು ಕಾಲುವೆಯಲ್ಲಿ ಹರಿದು ಲಕ್ಷ್ಮಣತೀರ್ಥ ಸೇರುತ್ತಿತ್ತು. ಕೆಳಗಡೆ ಬಟ್ಟೆ ಒಗೆಯುವವರು ದೂರು ಕೊಟ್ಟಿದ್ದರು. ನೀರು ತಿಳಿಯಾಗದಿದ್ದರೆ ಶೆಡ್ಡಿಗೆ ಬೀಗ ಎಂದು ಸರ್ಕಾರಿ ಸಾಹೇಬರೊಬ್ಬರು ಹೇಳಿಹೋಗಿದ್ದರು. ಮೇಷ್ಟ್ರು ನೀರು ತಿಳಿ ಮಾಡಿಕೊಡುವುದಾಗಿ ಒಪ್ಪಿ, ನನ್ನನ್ನೂ ಕರೆದುಕೊಂಡು ಹುಣಸೂರಿಗೆ ಹೊರಟರು. ಶೆಡ್ಡಿನ ಯಜಮಾನನ ಹೊಟ್ಟೆಪಾಡೆಲ್ಲ ಈಗ ನಮ್ಮ ಪುಡಿಯ ಮೇಲೆ ನಿಂತಿತ್ತು.

ಮೊರ

ಮೊದಲ ದಿನ ಅಗಲವಾದ ತಟ್ಟೆಗಳಲ್ಲಿ ಬಣ್ಣದ ನೀರು ಹುಯ್ದು, ಪುಡಿ ಕಲಸಿ, ಅಂಗಳದ ಬಿಸಿಲಿಗಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಒಂದು ಚೂರೂ ತಿಳಿಯಾಗಿಲ್ಲ. ಯಜಮಾನನ ತಾಯಿ ಎಲ್ಲ ತಟ್ಟೆಗೂ ಮೊರ ಮುಚ್ಚಿದ್ದರು.

"ಯಾಕಜ್ಜಿ ಮುಚ್ಚಿದ್ರಿ?"

"ಕಾಗೆ ಬಾಯಿ ಇಕ್ಕಲ್ವಾ ಮಗ?"

"ಇದು ಕೊಳಕು ನೀರು ಅಜ್ಜಿ!"

"ಅದುಕ್ಕೇ ಮುಚ್ಚಿದ್ದು ಕಣಪ್ಪ. ಕುಡುದು ಸತ್ರೆ ಆ ಪಾಪ ನಿಮ್ಮ ಮೇಷ್ಟ್ರಿಗೇ ಸುತ್ಕತದೆ."

ಖರ್ಚಾಗದ ಪುಡಿ

ಅಜ್ಜಿಗೆ ತಿಳಿಸಿ ಹೇಳದೆ ವಿಜ್ಞಾನ ಮುಂದಕ್ಕೆ ಹೋಗುವುದಿಲ್ಲವೆಂದು ಮೇಷ್ಟ್ರು ಅವರನ್ನು ಕೂರಿಸಿಕೊಂಡು ವಿವರಿಸಿದರು. "ನೋಡಿ, ಬಿಸಿಲು ಬಿದ್ದರೆ ಈ ಪುಡಿ ಕೆಲಸ ಮಾಡಿಸುತ್ತೆ. ತಾನು ಮಾತ್ರ ಸವೆಯೋದಿಲ್ಲ."

"ಅಂಗಾದ್ರೆ ನನ್ ಮಗನಂಗೇ ಬುಡಿ," ಎಂದರು ಅಜ್ಜಿ.

"ಎಷ್ಟು ಬಳಸಿದರೂ ಖರ್ಚಾಗಲ್ಲ ಅಜ್ಜಿ!"

ಅಜ್ಜಿ ತಲೆಯಾಡಿಸಿದರು. ಗೆದ್ದೆವೆಂದುಕೊಂಡೆವು. ಮಾರನೆಯ ಬೆಳಿಗ್ಗೆ ಬಂದರೆ ಪುಡಿಯ ಡಬ್ಬಿ ಖಾಲಿ. ಅಂಗಳದ ತುಂಬ ರಂಗೋಲಿ, ಅಷ್ಟು ಬೆಳ್ಳಗಿನ ರಂಗೋಲಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಮೇಷ್ಟ್ರು ಹೊಸ್ತಿಲ ಮುಂದೆ ಕುಸಿದು ಕುಳಿತರು.

ಅಜ್ಜಿ ನಿಜಕ್ಕೂ ಗಲಿಬಿಲಿಗೊಂಡರು. "ಖರ್ಚಾಗಕಿಲ್ಲ ಅಂತ ನೀವೇ ಅಂದ್ರಲ್ಲ ಮೇಷ್ಟ್ರೇ?"

ಗ್ಯಾರಂಟಿ ಬಣ್ಣ

ಮೈಸೂರಿನಿಂದ ಹೊಸ ಪುಡಿ ತಂದೆವು. ಸಾಹೇಬರು ಪರೀಕ್ಷೆಗೆ ಬರುವ ದಿನವೂ ಬಂತು. ಒಗೆಯುವವರು ಸೇರಿದ್ದರು. ಬಣ್ಣಕ್ಕೆ ಕೊಟ್ಟ ಸೀರೆ ಒಯ್ಯಲು ಗಾವಡಗೆರೆಯ ಹೆಂಗಸರೂ ಬಂದಿದ್ದರು. ಯಜಮಾನನೇ ಕೈಯಾರೆ ತಟ್ಟೆಗೆ ಬಣ್ಣದ ನೀರು ಹುಯ್ದ.

ಬಿಸಿಲು ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಕಳೆದು ಪುಡಿ ತಳಕ್ಕಿಳಿದಾಗ ಮೇಲಿನ ನೀರು ಎಳನೀರಿನಂತೆ ತಿಳಿಯಾಗಿತ್ತು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನನಗೂ ಕುಣಿಯುವಷ್ಟು ಖುಷಿ.

"ಭೇಷ್!" ಎಂದರು ಸಾಹೇಬರು. "ಇನ್ನು ಶೆಡ್ಡಿಗೆ ಬೀಗ ಬೇಡ."

ಅಷ್ಟರಲ್ಲಿ ಒಬ್ಬ ಹೆಂಗಸು ಮುಂದೆ ಬಂದಳು. "ಏನಣ್ಣ, ಗ್ಯಾರಂಟಿ ಬಣ್ಣ ಅಂದಿದ್ದೆ. ಒಂದೊತ್ತಿನ ಬಿಸ್ಲಿಗೇ ಓಗ್ಬುಡ್ತಲ್ಲ?"

"ಅದು ಪುಡಿಯಿಂದ ಹೋದದ್ದಮ್ಮ," ಎಂದರು ಮೇಷ್ಟ್ರು.

"ನಮ್ಮೂರ್ ದಾರೀಲೂ ಪುಡಿ ಐತೆ, ಬಿಸ್ಲೂ ಐತೆ. ನಂಗೆ ಈ ಸೀರೆ ಬ್ಯಾಡ ಕಣಣ್ಣ."

ಉಳಿದ ಹೆಂಗಸರೂ ಸೀರೆ ವಾಪಸು ಕೊಡಲು ಗಂಟು ಬಿಚ್ಚತೊಡಗಿದರು. ಯಜಮಾನ ಒಮ್ಮೆ ಸಾಹೇಬರನ್ನು ನೋಡಿದ, ಒಮ್ಮೆ ಹೆಂಗಸರನ್ನು ನೋಡಿದ. ಆಮೇಲೆ ಗಟ್ಟಿಯಾಗಿ ಹೇಳಿಬಿಟ್ಟ: "ಸ್ವಾಮಿ, ಆ ತಟ್ಟೇಲಿರೋದು ನನ್ ಬಣ್ಣ ಅಲ್ಲ. ಪಿರಿಯಾಪಟ್ಟಣದ ಬಣ್ಣದವಂದು!"

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. "ಹಾಗಾದ್ರೆ ನಿನ್ನ ಬಣ್ಣ ಎಲ್ಲಯ್ಯ?"

ಯಜಮಾನ ಸಾಹೇಬರನ್ನು ದರದರನೆ ಕಾಲುವೆಯ ದಂಡೆಗೆ ಎಳೆದೊಯ್ದ. ಕೆಂಪಗೆ ಹರಿಯುತ್ತಿದ್ದ ನೀರಿನತ್ತ ಕೈ ತೋರಿಸಿ ಎದೆಯುಬ್ಬಿಸಿದ:

"ಇಲ್ನೋಡಿ ಸ್ವಾಮಿ, ಇದು ನಂದು! ಒಳೆಗಂಟ ಓದ್ರೂ ಒಂಚೂರೂ ಮಾಸಕಿಲ್ಲ!"